ಹಳೇ ನಾಣ್ಯಕ್ಕೆ ತೂತು ಯಾಕೆ ಕೊರೆಯುತ್ತೀರಿ?

"ಚಿನ್ನದ ಅಂಗಡಿಯಲ್ಲಿ ಮಿಷಿನ್ ಒಳಗಿಟ್ಟರೆ ಎಷ್ಟು ಪರ್ಸೆಂಟ್ ಅಂತ ತಕ್ಷಣ ಬರುತ್ತೆ. ನೀವ್ಯಾಕೆ ರೋಮನ್ ನಾಣ್ಯಕ್ಕೆ ತೂತು ಕೊರೀತೀರಿ?" ಹಳೇ ನಾಣ್ಯದಲ್ಲಿ ಬೆಳ್ಳಿ ಎಷ್ಟಿದೆ ಅಂತ ಅಳೆಯುವುದು ನಮ್ಮ ಕೆಲಸ. ಅದರ ಬಗ್ಗೆ ಎಲ್ಲೇ ಮಾತಾಡಲು ಹೋದರೂ ಈ ಪ್ರಶ್ನೆ ಬಂದೇ ಬರುತ್ತದೆ. ಆ ಮಿಷಿನ್ ನೋಡುವುದು ಮೇಲ್ಮೈಯನ್ನು. ರೋಮನ್ ಬೆಳ್ಳಿಯ ಮೇಲ್ಮೈಯನ್ನು ನಂಬುವಂತಿಲ್ಲ.

ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದ ಡೆನಾರಿಯಸ್, ಅಂದರೆ ರೋಮ್‌ನ ಬೆಳ್ಳಿ ನಾಣ್ಯ, ಹೆಚ್ಚುಕಡಿಮೆ ಅಪ್ಪಟ ಬೆಳ್ಳಿ. ಕ್ರಿ.ಶ. 64ರ ಸುಮಾರಿಗೆ ಚಕ್ರವರ್ತಿ ನೀರೋ ಅದರ ತೂಕ ಇಳಿಸಿ ತಾಮ್ರ ಬೆರೆಸಿದ. ಬೆಳ್ಳಿ ಸುಮಾರು ಶೇ. 80ಕ್ಕೆ ಬಂತು. ತಾಮ್ರ ಜಾಸ್ತಿಯಾದರೆ ಬಿಳುಪು ಕೆಡಬೇಕು, ಅಲ್ವಾ? ಅದಕ್ಕೇ ಟಂಕಸಾಲೆಯಲ್ಲಿ ಬಿಲ್ಲೆಗಳನ್ನು ಕಾಯಿಸುತ್ತಿದ್ದರು. ಮೇಲಿನ ತಾಮ್ರ ಕಪ್ಪಗಾಗುತ್ತದೆ. ಹುಳಿಯಲ್ಲಿ ಅದ್ದಿದರೆ ಆ ಕಪ್ಪು ಕರಗಿ, ಮೇಲೆ ಬೆಳ್ಳಿ ಮಾತ್ರ ಉಳಿಯುತ್ತದೆ. ಆಮೇಲೆ ಅಚ್ಚು ಹೊಡೆದರೆ ಪಳಪಳ! ಹಳೆಯ ಎಷ್ಟೋ ಪರೀಕ್ಷೆಗಳು ಇದನ್ನು ನಂಬಿ ಬೆಳ್ಳಿಯನ್ನು ಜಾಸ್ತಿ ಲೆಕ್ಕ ಹಾಕಿದವು. ಸಂಶೋಧಕರಾದ ಕೆವಿನ್ ಬುಚರ್ ಮತ್ತು ಮ್ಯಾಥ್ಯೂ ಪಾಂಟಿಂಗ್ ನಾಣ್ಯದ ಅಂಚಿನಲ್ಲಿ ಕೊರೆದು, ಮೊದಲು ಬಂದ ಪುಡಿ ಬಿಸಾಕಿ, ಒಳಗಿನ ಪುಡಿಯನ್ನಷ್ಟೇ ಆಸಿಡ್‌ನಲ್ಲಿ ಕರಗಿಸಿ ಅಳೆದರು. ಆಗ ನಿಜ ತಿಳಿಯಿತು.

ಒಮ್ಮೆ ಒಬ್ಬ ಹಿರಿಯರು ಎದ್ದು, "ನಿಮ್ಮ ಅಜ್ಜಿ ಬಳೆಗೂ ಹೀಗೇ ತೂತು ಹಾಕ್ತೀರಾ?" ಎಂದರು. ಸಭೆಯೆಲ್ಲ ನಕ್ಕಿತು. ನನಗೆ ಸಿಟ್ಟು ಬಂತು. ಬಳೆ ಅಡ ಇಡಲು ಹೋದರೆ ಅಕ್ಕಸಾಲಿಗರು ಏನು ಮಾಡುತ್ತಿದ್ದರು ಸ್ವಾಮೀ? ಅರದಿಂದ ಒಂದು ಕಡೆ ಕೆರೆದು, ಒಳಗಿನದನ್ನು ಒರೆಗಲ್ಲಿಗೆ ತಿಕ್ಕುತ್ತಿದ್ದರು. ನಮ್ಮ ಕೆಲಸವೂ ಅದೇ. ತೂತು ಒಂದು ಮಿಲಿಮೀಟರ್ ಅಗಲವೂ ಇರುವುದಿಲ್ಲ. ಅದೂ ಅಂಚಿನಲ್ಲಿ. ಚಕ್ರವರ್ತಿಯ ಮುಖಕ್ಕೆ ಏನೂ ಆಗುವುದಿಲ್ಲ. ಮ್ಯೂಸಿಯಂನವರು ಒಪ್ಪದಿದ್ದರೆ ಮುಟ್ಟುವುದೂ ಇಲ್ಲ.

ತೂತಿನ ಬದಲು ಇದನ್ನು ಕೇಳಬಾರದೇ: ಬೆಳ್ಳಿ ಇಳಿದದ್ದು ಯಾರಿಗೆ ಗೊತ್ತಾಯಿತು? ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಂಥವು ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ಸಿಗುವ ಡೆನಾರಿಯಸ್‌ಗಳಲ್ಲಿ ಹೆಚ್ಚಿನವು ಅಗಸ್ಟಸ್, ಟೈಬೀರಿಯಸ್ ಕಾಲದವು. ನೀರೋ ಬೆರಕೆ ಮಾಡಿದ ಮೇಲಿನವು ಅಪರೂಪ. ನಮ್ಮ ಕಡೆಯ ವ್ಯಾಪಾರಿಗಳು ಹಳೇ ಬೆಳ್ಳಿಯನ್ನೇ ಕೇಳಿ ಪಡೆದರು ಅನ್ನುವುದು ಒಂದು ವಾದ. ನನಗೂ ಹಾಗೇ ಅನ್ನಿಸುತ್ತದೆ. ಸಮುದ್ರದ ಈಚೆ ಇದ್ದವರು ಬೇಡ ಅನ್ನಬಹುದಿತ್ತು. ಇದೇ ನಾಣ್ಯದಲ್ಲಿ ಸಂಬಳ ಪಡೆಯುತ್ತಿದ್ದ ರೋಮ್‌ನ ಸೈನಿಕ ಹಾಗೆ ಅನ್ನುವಂತಿರಲಿಲ್ಲ. ಮುಂದೆ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಅವನ ಸಂಬಳ ಏರಿಸಿದ, ನಾಣ್ಯದ ಬೆಳ್ಳಿಯನ್ನು ಅರ್ಧದ ಹತ್ತಿರಕ್ಕೆ ಇಳಿಸಿದ. ಕ್ರಿ.ಶ. 270ರ ಹೊತ್ತಿಗೆ ರೋಮ್‌ನ 'ಬೆಳ್ಳಿ' ನಾಣ್ಯದಲ್ಲಿ ಶೇ. 5ರಷ್ಟೂ ಬೆಳ್ಳಿ ಇರಲಿಲ್ಲ. ಆ ಸಂಬಳದಲ್ಲಿ ಅವನ ಮನೆ ಹೇಗೆ ನಡೆಯಿತು ಅಂತ ಕೇಳಿ. ಎಷ್ಟು ಹೊತ್ತಾದರೂ ಕೂತು ಮಾತಾಡುತ್ತೇನೆ.