ಬಟವಾಡೆ ದಿನದ ಬೋಡ್‌ಮಾಸ್

ಕಾಫಿ ಕೊಯ್ಲಿನ ಟೈಮಲ್ಲಿ ಬಟವಾಡೆ ದಿನ ಅಂದ್ರೆ ನಮ್ಮ ಮೂಡಿಗೆರೆ ಕಡೆ ಸಂಜೆ ಜಗಲಿ ತುಂಬಾ ಜನ. ಕಳೆದ ವಾರ ನಾನು ತೂಕದ ಪುಸ್ತಕ ಹಿಡಿದು ಕೂತಿದ್ದೆ, ಪಕ್ಕದಲ್ಲಿ ಏಳನೇ ಕ್ಲಾಸಿನ ಮಗಳು ಹೋಮ್‌ವರ್ಕ್ ಮಾಡ್ತಾ ಇದ್ದಳು. ಇದ್ದಕ್ಕಿದ್ದಂತೆ ಕಣ್ಣಲ್ಲಿ ನೀರು ತುಂಬಿಕೊಂಡು, "ಅಮ್ಮಾ, ಪುಸ್ತಕದಲ್ಲೇ ತಪ್ಪಿದೆ" ಅಂದಳು.

ಲೆಕ್ಕ ಇದು: 40 − 12 ÷ 4 × 3 + 5. ಪುಸ್ತಕದ ಹಿಂದೆ ಉತ್ತರ 36. ಅವಳಿಗೆ ಬಂದಿದ್ದು 26.

ಅವಳು ಬೋಡ್‌ಮಾಸ್ ಪ್ರಕಾರವೇ ಮಾಡಿದ್ದಳು. ಯಾವ ಲೆಕ್ಕ ಮೊದಲು ಅಂತ ನೆನಪಿಡೋಕೆ ಇರೋ ಆರು ಇಂಗ್ಲಿಷ್ ಅಕ್ಷರ ಅದು: 'ಬಿ' ಆವರಣ, 'ಓ' ಆಫ್, 'ಡಿ' ಭಾಗಾಕಾರ, 'ಎಂ' ಗುಣಾಕಾರ, 'ಎ' ಕೂಡೋದು, 'ಎಸ್' ಕಳೆಯೋದು. ಆವರಣ ಇಲ್ಲ, ಭಾಗಾಕಾರ ಮೊದಲು, 12ನ್ನು 4ರಿಂದ ಭಾಗಿಸಿದರೆ 3. ಆಮೇಲೆ ಗುಣಾಕಾರ, 9. ಇಲ್ಲಿವರೆಗೂ ಸರಿ. ಆಮೇಲೆ 'ಎ' ಬರುತ್ತೆ, 'ಎಸ್' ಅದರ ನಂತರ ಅಂತ 9ಕ್ಕೆ 5 ಕೂಡಿಸಿ 14 ಮಾಡಿ, 40ರಲ್ಲಿ ಕಳೆದಿದ್ದಾಳೆ. ಚಿಕ್ಕಂದಿನಲ್ಲಿ ನಾನೂ ಹೀಗೇ ಮಾಡ್ತಿದ್ದೆ. ಈ ಆರು ಅಕ್ಷರ ಬಾಯಿಪಾಠ ಮಾಡಿಸೋರು ಒಂದು ಮಾತು ಜೊತೆಗೆ ಹೇಳಲೇಬೇಕು: ಭಾಗಾಕಾರ ಗುಣಾಕಾರ ಎರಡೂ ಒಂದೇ ಸಾಲಿನವು, ಕೂಡೋದು ಕಳೆಯೋದು ಎರಡೂ ಒಂದೇ ಸಾಲಿನವು, ಒಂದೇ ಸಾಲಿನವು ಎದುರಾದರೆ ಎಡಗಡೆಯಿಂದ ಬಲಕ್ಕೆ ಬರೋದು, ಅಷ್ಟೇ. ಅಮೆರಿಕದ ಮಕ್ಕಳು ಪೆಮ್‌ಡಾಸ್ ಅಂತ ಕಲಿಯುತ್ತಾರೆ, ಅದರಲ್ಲಿ ಭಾಗಾಕಾರಕ್ಕಿಂತ ಗುಣಾಕಾರದ ಅಕ್ಷರವೇ ಮೊದಲು. ಆದರೂ ಅವರಿಗೂ ಉತ್ತರ 36 ಬರಲೇಬೇಕು, ಯಾಕೆಂದರೆ ಅಕ್ಷರ ಹಿಂದೆ ಮುಂದೆ ಆದರೂ ನಿಯಮ ಒಂದೇ.

ಮಗಳಿಗೆ ದುಡ್ಡಲ್ಲೇ ಹೇಳಿದೆ. ನಿನ್ನ ಹತ್ರ 40 ರೂಪಾಯಿ ಇತ್ತು, 9 ಖರ್ಚಾಯ್ತು, ಅಜ್ಜಿ 5 ಕೊಟ್ಟರು. ಅಜ್ಜಿ ಕೊಟ್ಟಿದ್ದನ್ನೂ ಖರ್ಚಿಗೆ ಸೇರಿಸ್ತೀಯಾ? "ಇಲ್ಲ" ಅಂದಳು. ಕಳೆಯೋ ಗುರುತು ಅದರ ಪಕ್ಕದ 9ಕ್ಕೆ ಮಾತ್ರ ಸೇರಿದ್ದು, 5ರ ಗುರುತು ಬೇರೆ.

ಸರಿ, ಆದರೆ ಗುಣಾಕಾರ ಯಾಕೆ ಮೊದಲು ಅಂತ ಕೇಳಿದಳು. ಒಳ್ಳೇ ಪ್ರಶ್ನೆ. ತೂಕದ ಪುಸ್ತಕವನ್ನೇ ಅವಳ ಕಡೆ ತಿರುಗಿಸಿದೆ. ಒಬ್ಬರಿಗೆ ನಾವು ಕೊಡಬೇಕಾದ ಹಳೇ ಬಾಕಿ 500 ರೂಪಾಯಿ, ಇವತ್ತು ಕುಯ್ದಿದ್ದು 80 ಕೆಜಿ, ಕೆಜಿಗೆ 5 ರೂಪಾಯಿ. ಬರೆದರೆ 500 + 80 × 5. ಮೇಜಿನ ಮೇಲಿದ್ದ ಹಳೇ ಕ್ಯಾಲ್ಕುಲೇಟರ್‌ನಲ್ಲಿ ಹಾಗೇ ಸಾಲಾಗಿ ಒತ್ತಿದಳು, 2900 ಬಂತು. ಮೊಬೈಲಲ್ಲಿ ಒತ್ತಿದರೆ 900. ಅಂಗಡಿಯಲ್ಲಿಡುವಂಥ ಸಾದಾ ಕ್ಯಾಲ್ಕುಲೇಟರ್ ಒತ್ತಿದ ಹಾಗೇ ಲೆಕ್ಕ ಮಾಡ್ತಾ ಹೋಗುತ್ತೆ, ಅದು 500ಕ್ಕೆ 80 ಸೇರಿಸಿ 580 ಮಾಡಿ ಆಮೇಲೆ ಐದರಿಂದ ಗುಣಿಸಿದೆ. ಈಗ ನೀನೇ ಹೇಳು ಪುಟ್ಟಿ, 500 ರೂಪಾಯಿಗೆ 80 ಕೆಜಿ ಹಣ್ಣು ಕೂಡೋಕಾಗುತ್ತಾ? ಮೊದಲು ಹಣ್ಣನ್ನು ದುಡ್ಡು ಮಾಡಬೇಕು, ಆಮೇಲೆ ದುಡ್ಡಿಗೆ ದುಡ್ಡು ಸೇರಿಸಬೇಕು. ನಿಯಮ ಅನ್ನೋದು ಜನ ಮಾಡಿಕೊಂಡ ಬರವಣಿಗೆಯ ಒಪ್ಪಂದ, ನಿಜ. ಆದರೆ ನಮ್ಮ ದಿನದ ಲೆಕ್ಕಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ.

ಬೋಡ್‌ಮಾಸ್‌ನ 'ಓ' ಬಗ್ಗೆಯೂ ಗೊಂದಲ ಜಾಸ್ತಿ. ನಮ್ಮಲ್ಲಿ ಅದು 'ಆಫ್', ಕನ್ನಡದಲ್ಲಿ ಬರೀ ಒಂದು 'ರ'. 18 ÷ 6ರ ಅರ್ಧ ಅಂದರೆ ಮೊದಲು 6ರ ಅರ್ಧ 3, ಆಮೇಲೆ 18 ÷ 3, ಉತ್ತರ 6. ಇಂಗ್ಲೆಂಡಿನಲ್ಲಿ ಇದೇ 'ಓ'ಗೆ ಘಾತ (5² ಥರದ್ದು) ಅಂತ ಅರ್ಥ ಹೇಳೋದೂ ಇದೆ.

ಇನ್ನು ವಾಟ್ಸಾಪಲ್ಲಿ ತಿರುಗುವ 8 ÷ 2(2 + 2). ಎಡದಿಂದ ಬಂದರೆ 16. ಆವರಣಕ್ಕೆ ಅಂಟಿಕೊಂಡ 2ನ್ನು ಮೊದಲು ಗುಣಿಸಿದರೆ 1. ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗಳಲ್ಲೇ ಕೆಲವು 16 ಕೊಡುತ್ತವೆ, ಕೆಲವು 1. ಇದಕ್ಕೆ ಜಗಳ ಆಡೋರ ಮೇಲೆ ನನಗೆ ಬೇಜಾರಿಲ್ಲ, ಬರೆದವರ ಮೇಲೆ ಇದೆ. ಇನ್ನೊಂದು ಜೊತೆ ಆವರಣ ಹಾಕಿದ್ದರೆ ಮುಗಿದು ಹೋಗ್ತಿತ್ತು ಅಲ್ವಾ?

ಈಗ ಮಗಳು ಲೆಕ್ಕ ಶುರು ಮಾಡೋ ಮೊದಲು ಗುಣಾಕಾರ ಭಾಗಾಕಾರದ ತುಂಡುಗಳ ಕೆಳಗೆ ಪೆನ್ಸಿಲಲ್ಲಿ ಗೆರೆ ಎಳೀತಾಳೆ. ಈ ವಾರದ ತೂಕದ ಪುಸ್ತಕ ತೆಗೆದರೆ ಅದರಲ್ಲೂ ಪ್ರತಿ ಸಾಲಲ್ಲಿ ಕೆಜಿ ಮತ್ತು ರೇಟಿನ ಕೆಳಗೆ ಗೆರೆ ಇತ್ತು.