ಪಂಚೆಯ ಬಿಳಿ, ಬಸ್ಸಿನ ಕೆಂಪು

ಫೋನಿನಲ್ಲಿ ಫೋಟೊ ತಿದ್ದಲು ಬರುತ್ತದೆ ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಬಂಧುಬಳಗದಲ್ಲಿ ಮತ್ತೆ ಬಿಡುಗಡೆಯಿಲ್ಲ. ಪಾಸ್‌ಪೋರ್ಟ್ ಫೋಟೊದ ಹಿನ್ನೆಲೆ ಬಿಳಿ ಮಾಡುವುದರಿಂದ ಹಿಡಿದು ಗೃಹಪ್ರವೇಶದ ಆಮಂತ್ರಣದ ವಿಡಿಯೊವರೆಗೆ ಎಲ್ಲವೂ ‘ಐದು ನಿಮಿಷದ ಕೆಲಸ’ ಎಂಬ ಮಾತಿನೊಂದಿಗೆ ನನ್ನ ಪಾಲಿಗೆ ಬರುತ್ತವೆ. ಹಾಗಾಗಿ ಕೆಎಸ್‌ಆರ್‌ಟಿಸಿಯಲ್ಲಿ ಚಾಲಕರಾಗಿದ್ದ ಚಿಕ್ಕಪ್ಪ ಅರವತ್ತು ತುಂಬಿ ನಿವೃತ್ತರಾದಾಗ, ಹಳೆಯ ಫೋಟೊಗಳನ್ನೆಲ್ಲ ಸೇರಿಸಿ ವಿಡಿಯೊ ಮಾಡುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಶನಿವಾರ ಬೆಳಿಗ್ಗೆ ಸಾಗರದ ಸಮೀಪದ ಅವರ ಮನೆಗೆ ಹೋದೆ. ಭಾನುವಾರ ಮಧ್ಯಾಹ್ನ ಸಮಾರಂಭ, ಊಟ. ನಡುವೆ ಇದ್ದದ್ದು ಒಂದು ಹಗಲು, ಒಂದು ರಾತ್ರಿ, ಮತ್ತು ನನ್ನ ಫೋನು.

ಮಲೆನಾಡಿನ ಮಳೆಗಾಲಕ್ಕೂ ಆಲ್ಬಮ್‌ಗಳಿಗೂ ಆಗಿಬರುವುದಿಲ್ಲ. ಚಿಕ್ಕಮ್ಮ ಕಪಾಟಿನಿಂದ ತೆಗೆದುಕೊಟ್ಟದ್ದು ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿನ ಮೇಲೆ ಫೋಟೊ ಇಟ್ಟು ಮುಚ್ಚುವ ಬಗೆಯದು. ಒಂದು ಕಾಲಕ್ಕೆ ಮದುವೆಯಾದ ಪ್ರತಿಯೊಬ್ಬರಿಗೂ ಉಡುಗೊರೆಯಾಗಿ ಬರುತ್ತಿದ್ದಂಥದ್ದು. ಆ ಅಂಟು ಈಗ ಹಳದಿಗಟ್ಟಿ, ಫೋಟೊವನ್ನು ಬಿಡಲೊಲ್ಲೆನೆನ್ನುತ್ತದೆ. ಉಗುರು ಹಾಕಿದರೆ ಮೂಲೆ ಹರಿಯುತ್ತದೆ. ಹೊಲಿಗೆಯ ದಾರವನ್ನು ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದು ಫೋಟೊದ ಅಡಿಯಲ್ಲಿ ಹಿಂದೆಮುಂದೆ ಎಳೆಯುತ್ತ ಹೋದರೆ ಅದು ಮೆಲ್ಲಗೆ ಬಿಟ್ಟುಕೊಳ್ಳುತ್ತದೆ. ಚಿಕ್ಕಪ್ಪನ ಮಗಳು ಈ ಕೆಲಸದಲ್ಲಿ ನನಗಿಂತ ಚುರುಕಾದಳು.

ಬಿಡಿಸಿದ ಫೋಟೊಗಳನ್ನು ಜಗಲಿಯಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ, ಕರಿಯ ಬಟ್ಟೆಯ ಮೇಲೆ ಇಟ್ಟು ಫೋನಿನಿಂದ ತೆಗೆದೆವು. ಫ್ಲ್ಯಾಶ್ ಬೇಡ. ತೀರ ಹತ್ತಿರ ಹೋಗುವುದೂ ಬೇಡ, ಫೋನಿನ ಅಗಲ ಲೆನ್ಸ್ ಅಂಚುಗಳನ್ನು ಬಾಗಿಸುತ್ತದೆ. ತುಸು ದೂರ ನಿಂತು ಜೂಮ್ ಮಾಡಿದರೆ ಗೆರೆಗಳು ನೆಟ್ಟಗೆ ಬರುತ್ತವೆ. ಇಷ್ಟು ಎಚ್ಚರ ವಹಿಸಿದರೆ ಆಮೇಲಿನ ತಿದ್ದುವ ಕೆಲಸ ಅರ್ಧ ಇಳಿಯುತ್ತದೆ. ಇದನ್ನು ನಾನು ಎಷ್ಟು ಮಂದಿಗೆ ಹೇಳಿದರೂ ಟ್ಯೂಬ್‌ಲೈಟಿನ ಪ್ರತಿಬಿಂಬ ಮುಖದ ಮೇಲೆ ಬಿದ್ದ ಫೋಟೊವನ್ನೇ ಕಳಿಸಿ ‘ಸರಿ ಮಾಡು’ ಎನ್ನುತ್ತಾರೆ.

ಫೋಟೊಗಳಿಗೆ ನಾನು ಬಳಸುವುದು ಸ್ನ್ಯಾಪ್‌ಸೀಡ್. ನಿಕ್ ಸಾಫ್ಟ್‌ವೇರ್ ಎಂಬ ಕಂಪನಿ 2011ರಲ್ಲಿ ಐಪ್ಯಾಡ್‌ಗೆಂದು ಹೊರತಂದ ಆ್ಯಪ್ ಇದು. ಮರುವರ್ಷ ಗೂಗಲ್ ಆ ಕಂಪನಿಯನ್ನೇ ಕೊಂಡಿತು. ದುಡ್ಡು ಕೇಳುವುದಿಲ್ಲ, ಜಾಹೀರಾತು ತೋರಿಸುವುದಿಲ್ಲ. ಮಾಡಿದ ತಿದ್ದುಪಡಿಗಳನ್ನು ಒಂದರ ಮೇಲೊಂದು ಪದರವಾಗಿ ಇಟ್ಟುಕೊಂಡಿರುವುದರಿಂದ ನಡುವಿನ ಯಾವುದೋ ಒಂದನ್ನು ಮಾತ್ರ ಮತ್ತೆ ತೆರೆದು ಬದಲಿಸಬಹುದು. ಹಳೆಯ ಫೋಟೊಗಳಿಗೆ ಬೇಕಾದದ್ದು ಮುಖ್ಯವಾಗಿ ಇದೇ. ಬಿರುಕು, ಚುಕ್ಕೆ, ಶಿಲೀಂಧ್ರದ ಕಲೆಗಳನ್ನು ಹೀಲಿಂಗ್ ಎಂಬ ಸಾಧನದಿಂದ ಬೆರಳಲ್ಲಿ ಮುಟ್ಟಿ ಮುಟ್ಟಿ ಅಳಿಸಿದೆ. ಅದು ಅಕ್ಕಪಕ್ಕದ ಜಾಗವನ್ನು ನೋಡಿ ಕಲೆಯ ಮೇಲೆ ತೇಪೆ ಹಾಕುತ್ತದೆ. ಗೋಡೆ, ಆಕಾಶಗಳ ಮೇಲೆ ಸೊಗಸಾಗಿ ಕೆಲಸ ಮಾಡುತ್ತದೆ. ಕಣ್ಣು ಬಾಯಿಗಳ ಹತ್ತಿರ ಅದನ್ನು ಬಿಡಬಾರದು.

ಬಣ್ಣದ್ದು ಬೇರೆಯೇ ಕಥೆ. ಆ ಕಾಲದ ಬಣ್ಣದ ಫೋಟೊಗಳೆಲ್ಲ ಯಾಕೆ ಕೆಂಪಾಗಿ ಕಾಣುತ್ತವೆ ಎಂದು ಮಗಳು ಕೇಳಿದಳು. ಪ್ರಿಂಟಿನಲ್ಲಿರುವುದು ಮೂರು ಬಣ್ಣದ ಪದರಗಳು: ಸಯಾನ್ ಎಂಬ ಹಸಿರುನೀಲಿ, ಮಜೆಂಟಾ ಎಂಬ ಕಡುಗುಲಾಬಿ, ಹಳದಿ. ಆಗಿನ ಎಷ್ಟೋ ಪ್ರಿಂಟ್‌ಗಳಲ್ಲಿ, ಬೆಳಕು ಕಾಣದ ಆಲ್ಬಮ್‌ನೊಳಗೆ ಇದ್ದರೂ, ಮೊದಲು ಸೋಲುವುದು ಸಯಾನ್. ಅದು ಮಾಸಿದರೆ ಉಳಿದೆರಡು ಸೇರಿ ಇಡೀ ಚಿತ್ರಕ್ಕೆ ಕುಂಕುಮ ಎರಚಿದಂತಾಗುತ್ತದೆ. ಹಾಗಾಗಿ ಕೆಂಪನ್ನು ಇಳಿಸಬೇಕು. ಆದರೆ ಎಷ್ಟು? ಅದಕ್ಕೆ ಚಿತ್ರದಲ್ಲಿ ಎಲ್ಲಾದರೂ ಒಂದು ನಿಜವಾದ ಬಿಳಿ ಬೇಕು. ವೈಟ್ ಬ್ಯಾಲೆನ್ಸ್‌ನಲ್ಲಿ ಔಷಧಿಯ ಹನಿ ಹಾಕುವ ಡ್ರಾಪರ್‌ನಂಥ ಒಂದು ಗುರುತು ಇದೆ. ಅದನ್ನು ಬಿಳಿಯ ಮೇಲೆ ಇಟ್ಟರೆ ಆ್ಯಪ್ ಉಳಿದ ಬಣ್ಣಗಳನ್ನು ಅದರಿಂದ ಲೆಕ್ಕ ಹಾಕಿಕೊಳ್ಳುತ್ತದೆ. ಮದುವೆಯ ಫೋಟೊಗಳಲ್ಲಿ ಚಿಕ್ಕಮ್ಮನ ಮುಡಿಯ ಮಲ್ಲಿಗೆ ನೆರವಿಗೆ ಬಂತು. ಒಂದು ಫೋಟೊ ಮಾತ್ರ ಸತಾಯಿಸಿತು.

ಅದರ ಹಿಂದೆ ಬಾಲ್‌ಪೆನ್ನಿನಲ್ಲಿ 1991 ಎಂದಿದೆ. ಚಿಕ್ಕಪ್ಪ ಕೆಲಸಕ್ಕೆ ಸೇರಿದ ಹೊಸತು. ಖಾಕಿ ಸಮವಸ್ತ್ರದಲ್ಲಿ ಕೆಂಪು ಬಸ್ಸಿನ ಪಕ್ಕ ನಿಂತಿದ್ದಾರೆ, ಮೀಸೆ ಕೂಡ ಹೊಸದೇ. ಅವರ ಹೆಗಲ ಮೇಲೆ ಕೈಯಿಟ್ಟು ನಿಂತವರು ದೊಡ್ಡಪ್ಪ. ಚಿತ್ರವಿಡೀ ಕೆಂಪಾಗಿರುವಾಗ ಬಸ್ಸಿನ ಕೆಂಪು ಯಾವುದು, ಕಾಲದ ಕೆಂಪು ಯಾವುದು? ಒಂದೊಂದು ಬಣ್ಣವನ್ನೂ ಗೆರೆ ಬಾಗಿಸಿ ಏರಿಸಿಳಿಸುವ ಕರ್ವ್ಸ್ ಎಂಬ ಸಾಧನದಲ್ಲಿ ಕೆಂಪಿನ ಗೆರೆಯನ್ನು ಕೆಳಗೆ ಎಳೆದರೆ ಮುಖಗಳು ಸರಿಹೋಗುವ ಹೊತ್ತಿಗೆ ಬಸ್ಸು ಕಂದಾಗುತ್ತಿತ್ತು. ಬಸ್ಸನ್ನು ಉಳಿಸಿಕೊಂಡರೆ ಚಿಕ್ಕಪ್ಪನಿಗೆ ಜ್ವರ ಬಂದಂತೆ ಕಾಣುತ್ತಿತ್ತು. ಆಗ ಕಣ್ಣಿಗೆ ಬಿದ್ದದ್ದು ದೊಡ್ಡಪ್ಪನ ಪಂಚೆ. ಇಡೀ ಚಿತ್ರದಲ್ಲಿ ಬಿಳಿ ಎಂದು ನಂಬಬಹುದಾದದ್ದು ಅದೊಂದೇ. ಮೊಣಕಾಲಿನ ಹತ್ತಿರ, ಮಡಿಕೆಯ ನೆರಳಿಲ್ಲದ ಕಡೆ ಗುರುತನ್ನು ಇಟ್ಟೆ. ಖಾಕಿ ಖಾಕಿಯಾಯಿತು, ಆಕಾಶಕ್ಕೆ ಆಕಾಶದ ಬಣ್ಣ ಬಂತು, ಬಸ್ಸೂ ಬಸ್ಸಿನಂತಾಯಿತು.

ಫೋಟೊ ಸರಿಹೋಯಿತೆಂದು ಎಲ್ಲರಿಗೂ ತೋರಿಸಿದೆ. ಚಿಕ್ಕಮ್ಮ ಬಹಳ ಹೊತ್ತು ನೋಡಿ, ‘ಚೆನ್ನಾಗಿದೆ. ಅವರೊಬ್ಬರು ಬೇಡ’ ಎಂದರು.

ತೋಟದ ಹಿಸ್ಸೆಯ ವ್ಯಾಜ್ಯ ಕೋರ್ಟಿನಲ್ಲಿದೆ. ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವರಾದ ನನ್ನ ಅಪ್ಪ ಎರಡೂ ಮನೆಗಳಿಗೆ ಹೋಗಿಬರುತ್ತಾರೆ, ಎರಡೂ ಕಡೆ ಬೈಸಿಕೊಳ್ಳುತ್ತಾರೆ. ಸಮಾರಂಭಕ್ಕೆ ದೊಡ್ಡಪ್ಪನನ್ನು ಕರೆದಿಲ್ಲವೆಂದು ನನಗೆ ಗೊತ್ತಿತ್ತು. ಕರೆಯದವರನ್ನು ಪರದೆಯ ಮೇಲೆ ಆಳೆತ್ತರಕ್ಕೆ ತೋರಿಸುವುದು ಸರಿಯಲ್ಲವೆಂಬ ಚಿಕ್ಕಮ್ಮನ ಮಾತನ್ನು ತಳ್ಳಿಹಾಕುವ ಹಾಗೂ ಇರಲಿಲ್ಲ. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಗಳು ತನ್ನ ಫೋನಿನಲ್ಲಿದ್ದ ಬೇರೊಂದು ಆ್ಯಪ್ ತೆರೆದಿದ್ದಳು. ಗೂಗಲ್ 2021ರಲ್ಲಿ ಪಿಕ್ಸೆಲ್ 6 ಫೋನಿನೊಂದಿಗೆ ಮ್ಯಾಜಿಕ್ ಇರೇಸರ್ ತಂದ ಮೇಲೆ ಇಂಥ ಅಳಿಸುವ ಸಾಧನ ಇಲ್ಲದ ಆ್ಯಪ್ ಹುಡುಕಿದರೂ ಸಿಗುವುದು ಕಷ್ಟ. ಬೆರಳಿನಿಂದ ದೊಡ್ಡಪ್ಪನ ಸುತ್ತ ಗೆರೆ ಎಳೆದಳು. ಒಂದು ಗಾಲಿ ತಿರುಗಿತು. ದೊಡ್ಡಪ್ಪ ಇಲ್ಲ.

ಆದರೆ ಚಿಕ್ಕಪ್ಪನ ಹೆಗಲ ಮೇಲೆ ನಾಲ್ಕು ಬೆರಳು ಉಳಿದಿದ್ದವು.

ಚಿಕ್ಕಮ್ಮ ‘ಅಯ್ಯೋ’ ಎಂದು ಫೋನನ್ನು ದೂರ ಸರಿಸಿದರು. ಮಗಳು ನಗುತ್ತ ಬೆರಳುಗಳಿಗೂ ಗೆರೆ ಎಳೆದಳು. ಬೆರಳು ಹೋದವು, ಅವುಗಳೊಂದಿಗೆ ಅಂಗಿಯ ಹೆಗಲಿನ ಹೊಲಿಗೆಯೂ ಹೋಯಿತು, ಹೆಗಲು ಇಳಿಜಾರಾಯಿತು. ನೆಲದ ಮೇಲೆ ಯಾರದ್ದೂ ಅಲ್ಲದ ಒಂದು ನೆರಳು. ದೊಡ್ಡಪ್ಪನ ಮೈ ಮರೆಮಾಡಿದ್ದ ಬಸ್ಸಿನ ಪಕ್ಕೆಯನ್ನು ಆ್ಯಪ್ ತಾನೇ ಕಟ್ಟಿಕೊಂಡಿತ್ತು. ಹಿಗ್ಗಿಸಿ ನೋಡಿದರೆ ಅಲ್ಲಿ ಅಕ್ಷರಗಳ ಸಾಲು, ದುಂಡಗೆ, ಕನ್ನಡದಂತೆಯೇ. ಓದಲು ಹೋದರೆ ಒಂದೂ ಅಕ್ಷರವಲ್ಲ. ಹೊಸ ಸಾಧನಗಳು ಅಕ್ಕಪಕ್ಕದ್ದನ್ನು ನಕಲು ಮಾಡಿ ನಿಲ್ಲುವುದಿಲ್ಲ, ಅಲ್ಲಿ ಏನಿರಬಹುದೆಂದು ಊಹಿಸಿ ಬರೆದುಬಿಡುತ್ತವೆ. ಗುಂಡಿ ಬಿಟ್ಟುಹೋಗುವುದಕ್ಕಿಂತ ಇದು ನನಗೆ ಹೆಚ್ಚು ಕಿರಿಕಿರಿ ಮಾಡುತ್ತದೆ.

ಫೋಟೊದಲ್ಲಿ ಜನರನ್ನು ಕೂಡಿಸುವುದು ಕಳೆಯುವುದು ಇವತ್ತಿನ ವಿದ್ಯೆಯಲ್ಲ, ಒಪ್ಪುತ್ತೇನೆ. ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಅಜ್ಜ ಅಜ್ಜಿ ಅಕ್ಕಪಕ್ಕ ಕುಳಿತ ಫೋಟೊ ಇದೆ. ಅವರಿಬ್ಬರೂ ಕ್ಯಾಮೆರಾದ ಮುಂದೆ ಹಾಗೆ ಒಟ್ಟಿಗೆ ಕುಳಿತದ್ದೇ ಇಲ್ಲ. ಅಜ್ಜಿ ತೀರಿಕೊಂಡ ಮೇಲೆ ಸ್ಟುಡಿಯೊದವರು ಎರಡು ಫೋಟೊ ಕತ್ತರಿಸಿ ಜೋಡಿಸಿ, ಕುಂಚದಿಂದ ಅಂಚು ಮುಚ್ಚಿ, ಮರಳಿ ಫೋಟೊ ತೆಗೆದು ಕೊಟ್ಟದ್ದು. ಅಜ್ಜನ ಮುಖಕ್ಕೆ ಬೆಳಕು ಎಡದಿಂದ, ಅಜ್ಜಿಗೆ ಬಲದಿಂದ. ಆ ಕೆಲಸಗಾರ ಒಂದು ವಾರ ಹಿಡಿದಿರಬೇಕು. ಒಂದು ವಾರದ ಕೆಲಸವೆಂದರೆ ಮಾಡಿಸುವವರೂ ಎರಡು ಸಲ ಯೋಚಿಸುತ್ತಾರೆ.

ಅಳಿಸುವುದಿಲ್ಲ, ಆದರೆ ತೋರಿಸುವುದೂ ಇಲ್ಲ ಎಂದು ಚಿಕ್ಕಮ್ಮನಿಗೆ ಹೇಳಿದೆ. ವಿಡಿಯೊದ ಚೌಕಟ್ಟು ಅಡ್ಡಗಲ, ಫೋಟೊ ಉದ್ದ. ಹೇಗಿದ್ದರೂ ಪೂರ್ತಿ ಹಿಡಿಸುವುದಿಲ್ಲ. ಚಿಕ್ಕಪ್ಪನ ಮುಖದಿಂದ ಶುರುವಾಗಿ ಬಸ್ಸಿನ ಬಾಗಿಲ ಕಡೆಗೆ ಚಿತ್ರ ಮೆಲ್ಲಗೆ ಸರಿಯುವಂತೆ ಎರಡು ಕೀಫ್ರೇಮ್, ಎಂದರೆ ಚಲನೆಯ ಮೊದಲಿಗೊಂದು ಕೊನೆಗೊಂದು ಗುರುತು, ಇಟ್ಟೆ. ದೊಡ್ಡಪ್ಪ ಚೌಕಟ್ಟಿನ ಆಚೆ ಉಳಿದರು. ಮೊದಲ ಒಂದು ಕ್ಷಣ ಅಂಚಿನಲ್ಲಿ ಆ ಬೆರಳುಗಳು ಕಾಣುತ್ತವೆ. ಚಿಕ್ಕಮ್ಮ ಅದನ್ನು ನೋಡಿದರು, ಏನೂ ಹೇಳಲಿಲ್ಲ.

ವಿಡಿಯೊ ಜೋಡಿಸುವಾಗ ಸಲಹೆಗಳ ಸುರಿಮಳೆ. ದುಬೈಯಲ್ಲಿರುವ ಭಾವ ಕ್ಯಾಪ್‌ಕಟ್ ಎಂಬ ವಿಡಿಯೊ ಆ್ಯಪ್‌ನ ಟೆಂಪ್ಲೇಟ್ ಒಂದರ ಲಿಂಕ್ ಕಳಿಸಿ, ಫೋಟೊ ತುಂಬಿದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂದರು. ಟಿಕ್‌ಟಾಕ್ ಅನ್ನು ಹುಟ್ಟುಹಾಕಿದ ಬೈಟ್‌ಡ್ಯಾನ್ಸ್ ಕಂಪನಿಯದೇ ಆದ ಆ ಆ್ಯಪ್ ಭಾರತದಲ್ಲಿ ಸಿಗುವುದಿಲ್ಲವೆಂಬುದು ಅವರಿಗೆ ಮರೆತೇ ಹೋಗಿತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ಒಟ್ಟಿಗೆ ನಿಷೇಧಿಸಿದಾಗ ಟಿಕ್‌ಟಾಕ್ ಹೋದದ್ದಷ್ಟೇ ಜನರ ನೆನಪಿನಲ್ಲಿದೆ. ವಿವಾವಿಡಿಯೊ, ಬ್ಯೂಟಿಪ್ಲಸ್, ಕ್ಯಾಮ್‌ಸ್ಕ್ಯಾನರ್ ಕೂಡ ಅದೇ ಪಟ್ಟಿಯಲ್ಲಿದ್ದವು. ನನ್ನಂಥವರು ಆಗ ಬೇರೆ ಆ್ಯಪ್‌ನಲ್ಲಿ ಮತ್ತೆ ಅ ಆ ಇ ಈ ತಿದ್ದಬೇಕಾಯಿತು.

ಕನ್ನಡದ ಶೀರ್ಷಿಕೆ ಹಾಕುವಾಗ ಎಂದಿನ ರಗಳೆ. ‘ನಿವೃತ್ತಿ’ ಎಂದು ಬೆರಳಚ್ಚಿಸಿದರೆ ವಿಡಿಯೊ ಆ್ಯಪ್‌ನಲ್ಲಿ ತಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತಿತ್ತು. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುವುದಷ್ಟೇ ಬಲ್ಲ ಆ್ಯಪ್‌ಗಳಿಗೆ ಒತ್ತಕ್ಷರವೆಂದರೆ ಏನೆಂದು ತಿಳಿಯದು. ನೋಟೊ, ಬಾಲೂ ತಮ್ಮ ಮುಂತಾದ ಒಳ್ಳೆಯ ಯೂನಿಕೋಡ್ ಫಾಂಟ್‌ಗಳನ್ನು ಹಾಕಿಕೊಂಡರೂ ಆ್ಯಪ್‌ಗೆ ಜೋಡಿಸಲು ಬಾರದಿದ್ದರೆ ಫಲವಿಲ್ಲ. ನನ್ನ ಉಪಾಯ ಹಳೆಯದು: ಅಕ್ಷರ ಸರಿಯಾಗಿ ಮೂಡುವ ಬೇರೆ ಆ್ಯಪ್‌ನಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿಯಲ್ಲಿ ಬರೆದು, ಅದನ್ನು ಚಿತ್ರವಾಗಿ ಉಳಿಸಿ, ವಿಡಿಯೊದ ಮೇಲೆ ಇನ್ನೊಂದು ಪದರವಾಗಿಟ್ಟು, ಪದರಗಳನ್ನು ಬೆರೆಸುವ ಬ್ಲೆಂಡಿಂಗ್‌ನಲ್ಲಿ ‘ಸ್ಕ್ರೀನ್’ ಆರಿಸುವುದು. ಕಪ್ಪು ಮಾಯವಾಗಿ ಅಕ್ಷರ ಮಾತ್ರ ಉಳಿಯುತ್ತದೆ. ಎರಡು ಸಾವಿರ ವರ್ಷಗಳ ಇತಿಹಾಸದ ಭಾಷೆಯನ್ನು ಹೀಗೆ ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳಬೇಕಲ್ಲ ಎಂದು ಪ್ರತಿ ಸಲವೂ ಸಿಟ್ಟು ಬರುತ್ತದೆ.

ಕೊನೆಗೆ, ಕರ್ತವ್ಯದ ಕೊನೆಯ ದಿನ ಸಹೋದ್ಯೋಗಿಗಳು ತೆಗೆದ ವಿಡಿಯೊ ತುಣುಕು. ಸ್ಟೀರಿಂಗ್ ಮೇಲೆ ಚಿಕ್ಕಪ್ಪನ ಎರಡೂ ಕೈ. ಮಗಳು ಅದಕ್ಕೆ ಚೆಲುವಿನ ಫಿಲ್ಟರ್ ಹಾಕಿ ಕಳಿಸಿದ್ದಳು. ಏನೋ ತಪ್ಪಿದೆ ಎನ್ನಿಸಿ ಮೂಲದ ಪಕ್ಕ ಇಟ್ಟು ನೋಡಿದೆ. ಚಾಲಕರ ಬಲಗೈ ಕಿಟಕಿಯ ಕಡೆ. ಮೂರು ದಶಕಗಳ ಬಿಸಿಲು ತಿಂದು ಚಿಕ್ಕಪ್ಪನ ಬಲ ಮುಂಗೈ ಎಡಗೈಗಿಂತ ಸ್ಪಷ್ಟವಾಗಿ ಕಪ್ಪು. ಫಿಲ್ಟರ್ ಎರಡನ್ನೂ ಒಂದೇ ಬಣ್ಣಕ್ಕೆ ತಂದು ನಯಗೊಳಿಸಿತ್ತು. ಫಿಲ್ಟರ್ ತೆಗೆದೆ. ‘ಅಪ್ಪ ಕಪ್ಪಗೆ ಕಾಣುತ್ತಾರೆ’ ಎಂದು ಅವಳು ಮುನಿಸಿಕೊಂಡಳು. ಕೈಗಳನ್ನು ತೋರಿಸಿದೆ. ಅಡುಗೆಮನೆಗೆ ಹೋಗಿ ಅಪ್ಪನ ಕೈ ನೋಡಿ ಬಂದು, ಇರಲಿ ಬಿಡು ಎಂದಳು.

ಸಮಾರಂಭದ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಸಭಾಭವನದ ಕಿಟಕಿಗಳಿಗೆ ಪರದೆ ಇರಲಿಲ್ಲ, ನಡುಹಗಲು, ಪ್ರೊಜೆಕ್ಟರ್ ಬಾಡಿಗೆಯದು. ನಾನು ಇಡೀ ಶನಿವಾರ ತಿದ್ದಿದ ಬಣ್ಣಗಳೆಲ್ಲ ಗೋಡೆಯ ಮೇಲೆ ಮಜ್ಜಿಗೆಯ ನೀರಾದವು. ಆದರೂ ಜನ ಒಬ್ಬೊಬ್ಬರನ್ನೂ ಗುರುತು ಹಿಡಿದು ಕೂಗಿದರು, ಚಪ್ಪಾಳೆ ಹೊಡೆದರು. ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟ ಇಳಿಯುವುದಿಲ್ಲ ಎಂದು ಹಾಗೆಯೇ ಕಳಿಸಿದೆ, ‘ತೆರೆಯುವುದಿಲ್ಲ’ ಎಂದು ಅರ್ಧ ಜನ ತಕರಾರು ಮಾಡಿದರು.

ಮರುದಿನ ಹೊರಡುವ ಮುಂಚೆ ಚಿಕ್ಕಪ್ಪ ಪಕ್ಕದಲ್ಲಿ ಬಂದು ಕುಳಿತರು. ಕನ್ನಡಕ ಹಾಕಿಕೊಂಡು, ‘ಆ ಬಸ್ಸಿನ ಬಣ್ಣ ಹಾಗಿರಲಿಲ್ಲ’ ಎಂದರು. ‘ನೀನು ಇಟ್ಟಿಗೆ ಬಣ್ಣ ಮಾಡಿದ್ದೀಯ.’

ಸ್ನ್ಯಾಪ್‌ಸೀಡ್‌ನಲ್ಲಿ ಫೋಟೊ ತೆರೆದೆ. ಪೂರ್ತಿ ಫೋಟೊ. ಚಿಕ್ಕಪ್ಪ ಒಂದು ಕ್ಷಣ ನೋಡಿದರು, ಮಾತಾಡಲಿಲ್ಲ. ವೈಟ್ ಬ್ಯಾಲೆನ್ಸ್‌ನ ಪದರ ತೆರೆದು, ಬೆರಳನ್ನು ಎಡಕ್ಕೆ ಸರಿಸಿದರೆ ನೀಲಿ, ಬಲಕ್ಕೆ ಹಳದಿ ಎಂದು ತೋರಿಸಿದೆ. ಗೇರ್ ಹಾಕಿ ರೂಢಿಯಾದ ಕೈ; ಗಾಜಿನ ಮೇಲೆ ಬೆರಳು ಜಾರುವ ಅಳತೆ ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಎಡಕ್ಕೆ ಸರಿಸುತ್ತ ಸರಿಸುತ್ತ ಬಸ್ಸಿನ ಕೆಂಪು ಇಟ್ಟಿಗೆಯಿಂದ ಹೊರಬಂದು ಗಟ್ಟಿಯಾಯಿತು. ‘ಇಲ್ಲಿ. ಇಲ್ಲೇ ನಿಲ್ಲಿಸು’ ಎಂದರು, ಸರಿಸುತ್ತಿದ್ದವರು ಅವರೇ ಆದರೂ.

ಆದರೆ ಪಂಚೆ ಈಗ ಬಿಳಿಯಾಗಿ ಉಳಿದಿರಲಿಲ್ಲ, ತಿಳಿನೀಲಿಗೆ ತಿರುಗಿತ್ತು. ಅದನ್ನೇ ತೋರಿಸಿ, ‘ಇದು ಕೆಡುತ್ತದಲ್ಲ’ ಎಂದೆ.

‘ಕೆಟ್ಟಿಲ್ಲ. ಅತ್ತಿಗೆ ಪಂಚೆಗಳಿಗೆ ನೀಲಿ ಅದ್ದುತ್ತಿದ್ದರು, ಒಂದು ಮುಷ್ಟಿ ಹೆಚ್ಚೇ. ಊರಲ್ಲೆಲ್ಲ ಅಣ್ಣನ ಪಂಚೆ ದೂರದಿಂದಲೇ ಗೊತ್ತಾಗುತ್ತಿತ್ತು.’ ಅಲ್ಲಿಂದ ಮಾತು ಆ ಬಸ್ಸಿನ ಎರಡನೆಯ ಗೇರಿಗೆ ಹೋಯಿತು. ಏರಿನಲ್ಲಿ ಅದು ಹೇಗೆ ಕೈಕೊಡುತ್ತಿತ್ತು, ಮಳೆಗಾಲದಲ್ಲಿ ವೈಪರ್ ನಿಂತರೆ ಕಂಡಕ್ಟರ್ ಹೇಗೆ ಗಾಜು ಒರೆಸುತ್ತಿದ್ದ, ಎಲ್ಲವನ್ನೂ ಹೇಳಿದರು. ನಾನು ಬಣ್ಣವನ್ನು ಅಲ್ಲಿಗೇ ಬಿಟ್ಟು ಉಳಿಸಿದೆ.

‘ಇದನ್ನು ಹತ್ತು ಹನ್ನೆರಡರಲ್ಲಿ ಪ್ರಿಂಟ್ ಹಾಕಿಸು, ಎಷ್ಟಾಗುತ್ತದೆ?’ ಎಂದು ಕೇಳಿದರು. ವಿಡಿಯೊದಲ್ಲಿ ತೋರಿಸಿದಷ್ಟೇ ಭಾಗ ಸಾಕೇ, ಎಲ್ಲವೂ ಬೇಕೇ ಎಂದೆ. ಚಿಕ್ಕಮ್ಮ ಒಳಗೆ ಪಾತ್ರೆ ತೊಳೆಯುತ್ತಿದ್ದರು.

‘ಬಸ್ಸು ಪೂರ್ತಿ ಬರಬೇಕಲ್ಲ’ ಎಂದರು ಚಿಕ್ಕಪ್ಪ.