ಇಂಜೆಕ್ಷನ್ ಆದ ಮೇಲೆ ನಾವು ಎಲ್ಲಿಗೆ ಹೋಗಿರ್ತೀವಿ?

ಆಪರೇಷನ್ ಟೇಬಲ್ ಮೇಲೆ ಮಲಗಿದವರು, ಅವರ ಮನೆಯವರು, ನಾನು ಅರಿವಳಿಕೆ ಡಾಕ್ಟರು ಅಂತ ಗೊತ್ತಾದ ನೆಂಟರಿಷ್ಟರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇದನ್ನೇ. "ಇಂಜೆಕ್ಷನ್ ಕೊಟ್ಟು ನಿದ್ದೆ ಬರಿಸ್ತೀರಲ್ಲ, ಆಗ ನಾವು ಎಲ್ಲಿಗೆ ಹೋಗಿರ್ತೀವಿ ಡಾಕ್ಟ್ರೇ?" ಟೇಬಲ್ ಮೇಲಿದ್ದವರಿಗೆ ನನ್ನದು ಒಂದೇ ಮಾತು: "ಎಲ್ಲಿಗೂ ಹೋಗಲ್ಲ, ಇಲ್ಲೇ ಇರ್ತೀರಿ, ನಾನೂ ಪಕ್ಕದಲ್ಲೇ ಇರ್ತೀನಿ." ಆ ಹೊತ್ತಿಗೆ ಅಷ್ಟು ಸಾಕು. ಆದರೆ ಅದು ಪೂರ್ತಿ ಉತ್ತರ ಅಲ್ಲ ಅಂತ ನನಗೂ ಗೊತ್ತು. ಇಲ್ಲಿ ಯಾರಿಗೂ ಅವಸರ ಇಲ್ಲವಲ್ಲ, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲಿಗೆ, ಅದು ನಿದ್ದೆ ಅಲ್ಲ. ಹೆದರಿಸಬಾರದು ಅಂತ ನಾವು ಡಾಕ್ಟರುಗಳೇ ಹಾಗೆ ಹೇಳಿ ಹೇಳಿ ರೂಢಿ ಮಾಡಿದ್ದೇವೆ. ನಿದ್ದೆಯಲ್ಲಿರುವವರನ್ನು ಅಲುಗಾಡಿಸಿದರೆ ಏಳುತ್ತಾರೆ. ಎದ್ದ ಮೇಲೆ, ಗಡಿಯಾರ ನೋಡದಿದ್ದರೂ, ಇಷ್ಟು ಹೊತ್ತು ಮಲಗಿದ್ದೆ ಅನ್ನುವ ಒಂದು ಅಂದಾಜು ಇರುತ್ತದೆ. ಅರಿವಳಿಕೆಯಿಂದ ಎದ್ದವರಿಗೆ ಸಾಮಾನ್ಯವಾಗಿ ಆ ಅಂದಾಜೂ ಇರುವುದಿಲ್ಲ. ಮೂರು ಗಂಟೆಯ ಆಪರೇಷನ್ ಮುಗಿದು, ಹೊಲಿಗೆ ಹಾಕಿ, ಎಲ್ಲರೂ ಕೈ ತೊಳೆದಾಗಿರುತ್ತದೆ, ಕಣ್ಣು ಬಿಟ್ಟವರು "ಇನ್ನೂ ಶುರು ಮಾಡಿಲ್ವಾ?" ಅನ್ನುತ್ತಾರೆ. ಕನ್ನಡದ ಪದವೇ ಇಲ್ಲಿ ಹೆಚ್ಚು ಪ್ರಾಮಾಣಿಕ: ಅರಿವು ಅಳಿಯುವುದು, ಅರಿವಳಿಕೆ. ಮಲಗಿದವನಿಗೆ ಎಚ್ಚರ ಇಲ್ಲ ಅನ್ನುತ್ತೇವೆಯೇ ಹೊರತು ಪ್ರಜ್ಞೆ ಇಲ್ಲ ಅನ್ನುವುದಿಲ್ಲ, ಅಲ್ವಾ?

ಸರಿ, ಅಳಿಯುವುದು ಏನು? ನಾವು ಹೆಚ್ಚಾಗಿ ಬಳಸುವ ಪ್ರೊಪೊಫಾಲ್ ಹಾಲಿನ ಹಾಗೆ ಬೆಳ್ಳಗಿರುವ ಔಷಧ. ನರಕೋಶಗಳನ್ನು ಸುಮ್ಮನಿರಿಸುವುದಕ್ಕೆ ಮೆದುಳಿನಲ್ಲೇ ಗಾಬಾ ಅನ್ನುವ ರಾಸಾಯನಿಕ ಇದೆ, ಈ ಔಷಧ ಅದರ ಕೆಲಸಕ್ಕೆ ಬಲ ಕೊಡುತ್ತದೆ. ಒಂದು ನಿಮಿಷದೊಳಗೆ ಮಾತು ಅರ್ಧಕ್ಕೇ ನಿಂತುಹೋಗುತ್ತದೆ. ಹಾಗಂತ ಮೆದುಳು ನಿಂತಿಲ್ಲ. ಕಿವಿಗೆ ಬಿದ್ದ ಸದ್ದು ಆಗಲೂ ಮೆದುಳಿನ ಕೇಳುವ ಭಾಗದವರೆಗೆ ತಲುಪುತ್ತದೆ. ಅಲ್ಲಿಂದ ಮುಂದೆ ಹೋಗುವುದೇ ಕಷ್ಟ.

ಇದನ್ನು ಅಳೆಯುವ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಇಟಲಿಯ ಮಾರ್ಚೆಲ್ಲೊ ಮಾಸ್ಸಿಮಿನಿ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ್ದು. ತಲೆಯ ಹೊರಗಿನಿಂದ ಕಾಂತದ ಸುರುಳಿಯಲ್ಲಿ ಮೆದುಳಿಗೆ ಒಂದು ಸಣ್ಣ ಏಟು ಕೊಡುತ್ತಾರೆ, ಬಾಗಿಲು ತಟ್ಟಿದ ಹಾಗೆ. ಆಮೇಲೆ ಮೆದುಳಿನ ವಿದ್ಯುತ್ ಅಲೆಗಳನ್ನು ಹಿಡಿಯುವ ಇಇಜಿ ತಂತಿಗಳಲ್ಲಿ ಅದರ ಪ್ರತಿಧ್ವನಿ ಕೇಳುತ್ತಾರೆ. ಎಚ್ಚರ ಇರುವವರಲ್ಲಿ ಆ ಪ್ರತಿಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿ, ತಿರುಗಿ ಬಂದು, ಗೋಜಲು ಗೋಜಲಾಗಿ ಹರಡುತ್ತದೆ. ಪ್ರೊಪೊಫಾಲ್ ಕೊಟ್ಟವರಲ್ಲಿ ತಟ್ಟಿದ ಜಾಗದ ಸುತ್ತಮುತ್ತಲೇ ಒಂದು ಅಲೆ ಎದ್ದು ಅಲ್ಲೇ ಸತ್ತುಹೋಗುತ್ತದೆ. ಗೋಜಲು ಎಷ್ಟಿದೆ ಅಂತ ಅಳೆಯುವುದು ಕಂಪ್ಯೂಟರಿನಲ್ಲಿ ಜಿಪ್ ಫೈಲ್ ಮಾಡುವ ಲೆಕ್ಕದಲ್ಲೇ: ಚಿಕ್ಕದಾಗಿ ಮಡಚಲು ಬಂದರೆ ಗೋಜಲು ಕಡಿಮೆ. ತಮಾಷೆ ಅಂದರೆ, 2015ರಲ್ಲಿ ಇದೇ ತಂಡದವರು ನೋಡಿದ, ಕೆಟಮೈನ್ ಅನ್ನುವ ಇನ್ನೊಂದು ಅರಿವಳಿಕೆ ಔಷಧ ಕೊಟ್ಟವರದ್ದು. ಅವರೂ ಕೂಗಿದರೆ ಓ ಅನ್ನುವುದಿಲ್ಲ, ಆದರೆ ಪ್ರತಿಧ್ವನಿ ಮಾತ್ರ ಎಚ್ಚರದಲ್ಲಿದ್ದಷ್ಟೇ ಗೋಜಲು. ಎದ್ದ ಮೇಲೆ ಕೇಳಿದರೆ, ಬಣ್ಣಬಣ್ಣದ ಕನಸು ಕಂಡೆ ಅಂತ ಹೇಳುತ್ತಾರೆ.

ಅಂದರೆ ನರಕೋಶಗಳ ಸಂಖ್ಯೆಯಲ್ಲಿ ಪ್ರಜ್ಞೆ ಇಲ್ಲ. ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಹಿಂದಲೆಯ ಕಿರುಮೆದುಳಿನಲ್ಲೇ ಇವೆ. ಅದಕ್ಕೆ ದೊಡ್ಡ ಪೆಟ್ಟು ಬಿದ್ದರೆ ನಡಿಗೆ ಕೆಡುತ್ತದೆ, ಮಾತು ತೊದಲುತ್ತದೆ. ಅರಿವು ಮಾತ್ರ ಹೋಗುವುದಿಲ್ಲ.

ಅದಕ್ಕೇ "ಎಲ್ಲಿಗೆ ಹೋಗಿರ್ತೀವಿ" ಅನ್ನುವಾಗ, ಗೂಡು ಬಿಟ್ಟು ಹೋದ ಹಕ್ಕಿಯನ್ನು ನೆನೆಯಬೇಡಿ. ನಾಲ್ಕು ಜನ ಕೂತು ಹರಟೆ ಹೊಡೆಯುತ್ತಿದ್ದಾರೆ ಅಂದುಕೊಳ್ಳಿ. ಒಬ್ಬರ ಮಾತು ಒಬ್ಬರಿಗೆ ಕೇಳಿಸದ ಹಾಗಾಯಿತು. ನಾಲ್ವರೂ ಕೂತಲ್ಲೇ ಇದ್ದಾರೆ. ಹರಟೆ ಎಲ್ಲಿಗೆ ಹೋಯಿತು? ಅದು ಎಲ್ಲಿಗೂ ಹೋಗುವಂಥ ವಸ್ತುವೇ ಅಲ್ಲ. ನನ್ನ ನಂಬಿಕೆ ಇದು, ಇದನ್ನು ಒಪ್ಪದವರೂ ಬೇಕಾದಷ್ಟು ಜನ ಇದ್ದಾರೆ.

ಇಷ್ಟು ಹೇಳಿದ ಮೇಲೆ ಜಾಣರು ಇನ್ನೊಂದು ಕೇಳುತ್ತಾರೆ. ಅರಿವು ಹೋಗಿದೆ ಅಂತ ನಿಮಗೆ ಹೇಗೆ ಗೊತ್ತು? ಮುಜುಗರದ ಪ್ರಶ್ನೆ. ಸ್ನಾಯು ಸಡಿಲಿಸುವ ಔಷಧವನ್ನೂ ಕೊಟ್ಟಿರುವುದರಿಂದ ರೋಗಿ ಬೇಕೆಂದರೂ ಬೆರಳು ಎತ್ತಲಾರ. 1977ರಿಂದ ಒಂದು ಉಪಾಯ ಬಳಕೆಯಲ್ಲಿದೆ: ಆ ಔಷಧ ಕೊಡುವ ಮೊದಲು ಒಂದು ತೋಳಿಗೆ ಬಿಪಿ ನೋಡುವ ಪಟ್ಟಿ ಕಟ್ಟಿ ಉಬ್ಬಿಸುವುದು, ಆ ಕೈಗೆ ಔಷಧ ಇಳಿಯದ ಹಾಗೆ. ಆಮೇಲೆ ಕಿವಿಯ ಹತ್ತಿರ ಹೋಗಿ "ನನ್ನ ಕೈ ಹಿಸುಕಿ" ಅನ್ನುವುದು. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹೀಗೆ ಕೇಳಿದಾಗ 260 ಜನರಲ್ಲಿ 12 ಜನ ಹಿಸುಕಿದರು. ಹೆದರಬೇಡಿ, ಎದ್ದ ಮೇಲೆ "ನನಗೆ ಎಚ್ಚರ ಇತ್ತು" ಅಂತ ತಾವಾಗಿ ಹೇಳಿದವರು ಬ್ರಿಟನ್ನಿನ 2014ರ ದೊಡ್ಡ ಲೆಕ್ಕದಲ್ಲಿ ಸುಮಾರು 19,000ಕ್ಕೆ ಒಬ್ಬರು ಮಾತ್ರ. ಆದರೆ ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ನೆನಪಿಲ್ಲ ಅಂದಮಾತ್ರಕ್ಕೆ ಅನುಭವವೇ ಇರಲಿಲ್ಲ ಅನ್ನಬಹುದಾ? ನಾನು ಅನ್ನಲಾರೆ.

2006ರಲ್ಲಿ ಮೆದುಳು ವಿಜ್ಞಾನಿ ಏಡ್ರಿಯನ್ ಓವನ್ ಅವರ ತಂಡ ತೋರಿಸಿದ್ದು ಇದಕ್ಕಿಂತ ದೊಡ್ಡದು. ಅಪಘಾತವಾಗಿ ತಿಂಗಳುಗಟ್ಟಲೆ ಏನೂ ಸ್ಪಂದಿಸದೆ ಮಲಗಿದ್ದ 23 ವರ್ಷದ ಹೆಂಗಸನ್ನು ಸ್ಕ್ಯಾನರ್ ಒಳಗೆ ಮಲಗಿಸಿ, ಟೆನಿಸ್ ಆಡುತ್ತಿದ್ದೀರಿ ಅಂತ ಕಲ್ಪಿಸಿಕೊಳ್ಳಿ ಅಂದರು. ಆಮೇಲೆ ನಿಮ್ಮ ಮನೆಯ ಕೋಣೆಗಳಲ್ಲಿ ಓಡಾಡಿ ಅಂದರು. ಎರಡಕ್ಕೂ ಆಕೆಯ ಮೆದುಳು ಆರೋಗ್ಯವಂತರ ಮೆದುಳಿನ ಹಾಗೆಯೇ ಬೇರೆ ಬೇರೆ ಕಡೆ ಬೆಳಗಿತು. ಮಂಚದ ಪಕ್ಕ ನಿಂತು ನೋಡಿದ ಯಾರಿಗೂ ಅದು ಕಂಡಿರಲಿಲ್ಲ.

ನನ್ನ ಹರಟೆಯ ಹೋಲಿಕೆ ಸೋಲುವುದೂ ಇಲ್ಲೇ. ಹರಟೆಯನ್ನು ಬಾಗಿಲಾಚೆ ನಿಂತವರೂ ಕೇಳಬಹುದು. ನಿಮ್ಮ ಹಲ್ಲುನೋವು ನಿಮಗೆ ಮಾತ್ರ. ಎಲ್ಲ ನರಕೋಶಗಳ ಎಲ್ಲ ಮಾತುಕತೆಯನ್ನು ಬರೆದಿಟ್ಟರೂ, ಅದರ ಜೊತೆಗೆ ಒಂದು ಅನುಭವ ಯಾಕೆ ಇದೆ ಅನ್ನುವುದು ಆ ಪಟ್ಟಿಯಲ್ಲಿ ಇರುವುದಿಲ್ಲ ಅನ್ನುತ್ತಾರೆ ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್. 1998ರಲ್ಲಿ ಮೆದುಳು ವಿಜ್ಞಾನಿ ಕ್ರಿಸ್ಟಾಫ್ ಕಾಕ್ ಅವರ ಜೊತೆ ಬಾಜಿ ಕಟ್ಟಿದರು. ಪ್ರಜ್ಞೆಯ ಗುರುತು ಮೆದುಳಿನಲ್ಲಿ ಇಂಥದ್ದೇ ಅಂತ 25 ವರ್ಷದಲ್ಲಿ ಸ್ಪಷ್ಟವಾಗಿ ಸಿಗುತ್ತದೆ ಅಂತ ಕಾಕ್, ಸಿಗಲ್ಲ ಅಂತ ಚಾಮರ್ಸ್. 2023ರಲ್ಲಿ ಕಾಕ್ ಸೋಲೊಪ್ಪಿಕೊಂಡು ವೈನ್ ಬಾಟಲಿಗಳನ್ನು ಕೊಟ್ಟರು. ಕಾಕ್ ಗೆದ್ದಿದ್ದರೂ ಚಾಮರ್ಸ್ ಕೇಳುವ ಆ "ಯಾಕೆ" ಹಾಗೇ ಉಳಿಯುತ್ತಿತ್ತು. ಗುರುತು ಸಿಗುವುದು ಬೇರೆ, ಕಾರಣ ಸಿಗುವುದು ಬೇರೆ.

ನಾನಂತೂ ಎಷ್ಟೋ ವರ್ಷದಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮಾನಿಟರಿನ ಅಂಕಿಗಳೆಲ್ಲ ಗಾಢ ಅರಿವಳಿಕೆ ಅಂತ ತೋರಿಸುತ್ತಿದ್ದರೂ, ಏನೇ ಮಾಡುವ ಮೊದಲು ಹೆಸರು ಹಿಡಿದು ಹೇಳುತ್ತೇನೆ. "ಈಗ ತಲೆ ಸ್ವಲ್ಪ ಈ ಕಡೆ ತಿರುಗಿಸ್ತೀನಿ. ಈಗ ಕೈಗೆ ಇನ್ನೊಂದು ಸೂಜಿ." ಹೊಸದಾಗಿ ಬಂದ ಜೂನಿಯರ್‌ಗಳು ಮುಖ ಮುಖ ನೋಡಿಕೊಂಡು ನಗುತ್ತಾರೆ. ಒಂದು ವರ್ಷ ಕಳೆಯುವಷ್ಟರಲ್ಲಿ ಅವರೂ ಹೇಳಲು ಶುರು ಮಾಡಿರುತ್ತಾರೆ.